ಮಗಳ ಕಾಲೇಜು ಇನ್ಶೂರೆನ್ಸ್: ತೆಗೆದುಕೊಳ್ಳೋದಾ, ಬಿಡೋದಾ?

ತೀರ್ಥಹಳ್ಳಿ–ಕೊಲಂಬಸ್

ಎಲ್ಲರಿಗೂ ನಮಸ್ಕಾರ. ಒಂದು ಗೊಂದಲ, ಸ್ವಲ್ಪ ಸಹಾಯ ಬೇಕು. ಮಗಳು ಇಲ್ಲೇ ಅಮೆರಿಕದಲ್ಲಿ, ಬೇರೆ ರಾಜ್ಯದ ಕಾಲೇಜಿನಲ್ಲಿ ಎರಡನೇ ವರ್ಷ. ಫೀಸ್ ಬಿಲ್‌ನಲ್ಲಿ ಕಾಲೇಜಿನ ಹೆಲ್ತ್ ಇನ್ಶೂರೆನ್ಸ್ ಅಂತ 3,400 ಡಾಲರ್ ಸೇರಿಸಿದ್ದಾರೆ. ನಮ್ಮ ಯಜಮಾನರ ಆಫೀಸಿನ ಇನ್ಶೂರೆನ್ಸ್‌ನಲ್ಲಿ ಅವಳ ಹೆಸರು ಇದ್ದೇ ಇದೆ. ಅದನ್ನು ತೋರಿಸಿ ವೇವರ್ ಫಾರ್ಮ್ (ಕಾಲೇಜಿನ ಇನ್ಶೂರೆನ್ಸ್ ಬೇಡ ಅನ್ನೋ ಅರ್ಜಿ) ತುಂಬಿದರೆ ಈ ದುಡ್ಡು ಉಳಿಯುತ್ತದೆ. ಹೋದ ವರ್ಷ ಹಾಗೇ ಮಾಡಿದ್ದೆವು. ಕೊನೆ ದಿನಕ್ಕೆ ಇನ್ನು ಒಂಬತ್ತು ದಿನ ಇದೆ.

ಈ ಸಲ ಮಗಳೇ ವೇವರ್ ಬೇಡ ಅನ್ನುತ್ತಿದ್ದಾಳೆ. ಹೋದ ಸೆಮಿಸ್ಟರ್ ಅವಳು ಒಂದು ಕ್ಲಾಸ್ ತೆಗೆದುಕೊಂಡಳು. ಈ ದೇಶದ ಆರೋಗ್ಯ ವ್ಯವಸ್ಥೆ ಹೇಗೆ ಬದಲಾಗಬೇಕು, ಅದರಲ್ಲಿ ನ್ಯಾಯ ಯಾವುದು ಅನ್ನೋ ವಿಷಯ. ಆಗಿನಿಂದ ಊಟಕ್ಕೆ ಕುಳಿತರೆ ಅದೇ ಮಾತು. "ಅಮ್ಮಾ, ಒಳ್ಳೆ ಇನ್ಶೂರೆನ್ಸ್ ಇರೋ ಮನೆ ಮಕ್ಕಳೆಲ್ಲ ವೇವರ್ ಮಾಡಿ ಹೊರಗೆ ಹೋದರೆ ಒಳಗೆ ಉಳಿಯೋದು ಯಾರು? ಮನೆಯಲ್ಲಿ ಇನ್ಶೂರೆನ್ಸ್ ಇಲ್ಲದೋರು, ಹೊರದೇಶದಿಂದ ಬಂದೋರು, ಕಾಯಿಲೆ ಇರೋರು. ಅವರ ಪ್ರೀಮಿಯಂ ಏರುತ್ತೆ. ನೀವೂ ಹಾಗೇ ಬಂದೋರಲ್ವಾ?" ಅಂದಳು. ನನಗೆ ಉತ್ತರ ಹೊಳೆಯಲಿಲ್ಲ. ಅವರಪ್ಪ, "ಊರಿನ ಉಸಾಬರಿ ನಿನಗ್ಯಾಕೆ?" ಅಂದುಬಿಟ್ಟರು. ನಾಲ್ಕು ದಿನದಿಂದ ಇಬ್ಬರೂ ಮಾತಾಡುತ್ತಿಲ್ಲ. ಮೆಡಿಕಲ್ ಓದುತ್ತೇನೆ ಅಂತಿದ್ದವಳು ಈಗ ಪಬ್ಲಿಕ್ ಹೆಲ್ತ್ ಅನ್ನುತ್ತಿದ್ದಾಳೆ. ಅದೂ ಒಂದು ಚಿಂತೆ.

ನಾನು ಕೇಳೋದು ಇಷ್ಟೇ. ವೇವರ್ ಮಾಡಿದರೆ ಏನಾದರೂ ತೊಂದರೆ ಇದೆಯಾ?

ಹಾಸನ–ಎಡಿಸನ್

ಏನೂ ತೊಂದರೆ ಇಲ್ಲ ಅಕ್ಕ. ನಾವು ಇಬ್ಬರು ಮಕ್ಕಳಿಗೂ ಪ್ರತಿ ವರ್ಷ ವೇವರ್ ಮಾಡಿದ್ದೇವೆ. 26 ವರ್ಷದವರೆಗೆ ಅಪ್ಪ ಅಮ್ಮನ ಇನ್ಶೂರೆನ್ಸ್ ಇರುತ್ತದೆ. ಸುಮ್ನೆ ದುಡ್ಡು ಯಾಕೆ ಕಳೆಯುತ್ತೀರಿ?

ದಾವಣಗೆರೆ–ಹ್ಯೂಸ್ಟನ್

ಮೇಡಂ, ಇನ್ಶೂರೆನ್ಸ್ ಮಾತು ಆಮೇಲೆ. ಮಗಳು ಡಾಕ್ಟರ್ ಓದು ಬಿಡುತ್ತಾಳೆ ಅಂದಿರಲ್ಲ, ಮೊದಲು ಅದನ್ನು ನಿಲ್ಲಿಸಿ. ಒಂದು ಕ್ಲಾಸಿನ ಮಾತು ಕೇಳಿ ಜೀವನದ ದಾರಿ ಬದಲಾಯಿಸಬಾರದು.

ನಾನು 1989ರಲ್ಲಿ ಬಂದವನು. 1991ರಲ್ಲಿ ಕೆಲಸ ಬದಲಾಯಿಸಿದಾಗ ನನ್ನ ಹೆಂಡತಿ ನಾಲ್ಕು ತಿಂಗಳ ಗರ್ಭಿಣಿ. ಬಸಿರು ಮೊದಲೇ ಇತ್ತು ಅಂತ ಹೇಳಿ ಹೊಸ ಇನ್ಶೂರೆನ್ಸ್‌ನವರು ಹೆರಿಗೆ ಖರ್ಚು ಕೊಡಲಿಲ್ಲ. ಸಿಸೇರಿಯನ್ ಆಯಿತು. ತಿಂಗಳಿಗೆ 150 ಡಾಲರ್‌ನಂತೆ ನಾಲ್ಕು ವರ್ಷ ಆಸ್ಪತ್ರೆ ಸಾಲ ಕಟ್ಟಿದೆ. ಒಂದು ಕಂತೂ ತಪ್ಪಿಸಲಿಲ್ಲ. ಯಾರ ಮುಂದೆಯೂ ಕೈ ಚಾಚಲಿಲ್ಲ. ಆ ಮಗ ಇವತ್ತು ಚೆನ್ನಾಗಿದ್ದಾನೆ.

ಈಗಿನ ಮಕ್ಕಳಿಗೆ ಎಲ್ಲವೂ ಹಕ್ಕು. ಹಕ್ಕು ಅಂದರೆ ದುಡ್ಡು ಯಾರದ್ದು ಅಂತ ಕೇಳಿ, ಮಾತು ನಿಲ್ಲುತ್ತದೆ. ಎಮರ್ಜೆನ್ಸಿಗೆ ಬಂದ ಯಾರನ್ನೂ ನೋಡದೆ ವಾಪಸ್ ಕಳಿಸುವ ಹಾಗಿಲ್ಲ, 1986ರಿಂದ ಕಾನೂನೇ ಇದೆ. ಇನ್ನೇನು ಬೇಕು? ಕಷ್ಟಪಟ್ಟು ಮೇಲೆ ಬರುವುದನ್ನು ಮನೆಯಲ್ಲಿ ಹೇಳಿಕೊಡಿ. ಕಾಲೇಜು ಹೇಳಿಕೊಡೋದಿಲ್ಲ.

ಶಿರಸಿ–ಪಿಟ್ಸ್‌ಬರ್ಗ್

ತೀರ್ಥಹಳ್ಳಿ ಅಕ್ಕ, ನಾನು ಒಂದು ಕಾಲೇಜಿನ ಫೀಸ್ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ನಿಮ್ಮ ಪ್ರಶ್ನೆಗೆ ಉತ್ತರ ಹೇಳುತ್ತೇನೆ.

ಮೊದಲು ನಿಮ್ಮ ಕಾರ್ಡ್ ತೆಗೆದು ಎಚ್‌ಎಂಒ ಅಂತ ಇದೆಯಾ, ಪಿಪಿಒ ಅಂತ ಇದೆಯಾ ನೋಡಿ. ಇವು ಇನ್ಶೂರೆನ್ಸ್‌ನ ಎರಡು ಬಗೆ. ಪಿಪಿಒ ಆದರೆ ಸಾಮಾನ್ಯವಾಗಿ ಬೇರೆ ಕಡೆಯ ಡಾಕ್ಟರಿಗೂ ಒಂದು ಪಾಲು ಕೊಡುತ್ತಾರೆ. ಎಚ್‌ಎಂಒ ಆದರೆ ಸಾಮಾನ್ಯವಾಗಿ ನಿಮ್ಮ ಭಾಗದ ಡಾಕ್ಟರುಗಳು ಮಾತ್ರ. ಬೇರೆ ರಾಜ್ಯದಲ್ಲಿ ಮಗಳಿಗೆ ಜ್ವರ ಬಂದು ಅಲ್ಲೇ ಡಾಕ್ಟರ್ ಹತ್ತಿರ ಹೋದರೆ ಕೊಡದೆ ಇರಬಹುದು. ಎಮರ್ಜೆನ್ಸಿಗೆ ಮಾತ್ರ ಕೊಡುತ್ತಾರೆ. 26 ವರ್ಷದವರೆಗೆ ಹೆಸರು ಇರುತ್ತದೆ ಅನ್ನೋದು ನಿಜ. ಹೆಸರು ಇರೋದು ಬೇರೆ, ಆ ಊರಿನಲ್ಲಿ ಅದು ನಡೆಯೋದು ಬೇರೆ.

ಕಾರ್ಡಿನ ಹಿಂದೆ ಇರುವ ನಂಬರ್‌ಗೆ ಫೋನ್ ಮಾಡಿ, ಕಾಲೇಜು ಇರುವ ಊರಿನ ಪಿನ್ ಕೋಡ್ ಕೊಟ್ಟು ಕೇಳಿ. ಅಲ್ಲಿ ನೆಟ್‌ವರ್ಕ್ ಡಾಕ್ಟರ್, ಅಂದರೆ ನಿಮ್ಮ ಇನ್ಶೂರೆನ್ಸ್ ಜೊತೆ ಒಪ್ಪಂದ ಇರೋರು, ಇದ್ದಾರಾ? ಮಾನಸಿಕ ಆರೋಗ್ಯದ ಕೌನ್ಸೆಲರ್ ಇದ್ದಾರಾ? ಡಿಡಕ್ಟಿಬಲ್, ಅಂದರೆ ಇನ್ಶೂರೆನ್ಸ್‌ನವರು ಕೊಡೋಕೆ ಮೊದಲು ನಾವೇ ಕಟ್ಟಬೇಕಾದ ದುಡ್ಡು, ಎಷ್ಟು? ನಾನು ನೋಡಿದ ಹಾಗೆ ಮಕ್ಕಳಿಗೆ ಈ ವಯಸ್ಸಿನಲ್ಲಿ ಜಾಸ್ತಿ ಬೇಕಾಗೋದು ಕೌನ್ಸೆಲರ್. ಅದನ್ನು ಯಾರೂ ಕೇಳಿಕೊಳ್ಳೋದಿಲ್ಲ.

ಇನ್ನೊಂದು ಮಾತು. ಮಗಳಿಗೆ 18 ತುಂಬಿದೆ. ನಾಳೆ ಆಸ್ಪತ್ರೆ ಸೇರಿದರೆ ಅವಳ ಒಪ್ಪಿಗೆ ಇಲ್ಲದೆ ನಿಮಗೆ ವಿಷಯ ಹೇಳಬೇಕಾಗಿಲ್ಲ. ಇನ್ಶೂರೆನ್ಸ್ ಯಾವುದೇ ಇರಲಿ, ಒಪ್ಪಿಗೆ ಪತ್ರಕ್ಕೆ ಈಗಲೇ ಸಹಿ ಹಾಕಿಸಿ ಇಟ್ಟುಕೊಳ್ಳಿ.

ಉಡುಪಿ–ಸ್ಯಾನ್ ಹೋಸೆ

ಹ್ಯೂಸ್ಟನ್ ಸರ್, ನಾನು ಎಮರ್ಜೆನ್ಸಿಯಲ್ಲಿ ನರ್ಸ್. 1986ರ ಕಾನೂನು ಹೇಳುವುದು ಬಂದವರನ್ನು ಪರೀಕ್ಷೆ ಮಾಡಿ, ಜೀವಕ್ಕೆ ಅಪಾಯ ಇಲ್ಲದ ಹಾಗೆ ಮಾಡಿ ಅಂತ. ಪುಕ್ಕಟೆ ಅಂತ ಹೇಳೋದಿಲ್ಲ. ಬಿಲ್ ಮನೆಗೆ ಬರುತ್ತದೆ. ಸಕ್ಕರೆ ಕಾಯಿಲೆ ಜಾಸ್ತಿಯಾಗಿ ಬಂದ ಹುಡುಗನಿಗೆ ಆ ರಾತ್ರಿ ಇನ್ಸುಲಿನ್ ಕೊಟ್ಟು ಉಳಿಸುತ್ತೇವೆ. ಮುಂದಿನ ತಿಂಗಳ ಇನ್ಸುಲಿನ್‌ಗೆ ದುಡ್ಡಿಲ್ಲದೆ ಅವನೇ ಮತ್ತೆ ಬರುತ್ತಾನೆ. ನಾನು ಕಣ್ಣಾರೆ ನೋಡಿದ್ದೇನೆ.

ನಿಮ್ಮ ಹೆರಿಗೆಯ ವಿಷಯ ಓದಿ ಬೇಜಾರಾಯಿತು. ಮೊದಲೇ ಇದ್ದ ಕಾಯಿಲೆ ಅಂತ ಕೈ ಎತ್ತುವುದನ್ನು 2010ರ ಕಾನೂನು (ಒಬಾಮಾಕೇರ್) ನಿಲ್ಲಿಸಿತು. 2014ರಿಂದ ದೊಡ್ಡವರಿಗೂ ಅದು ಜಾರಿಗೆ ಬಂತು. ನಿಮಗೆ ಆದದ್ದು ಇನ್ನೊಬ್ಬರಿಗೆ ಆಗಬಾರದು ಅಂತ ಆ ಹುಡುಗಿ ಯೋಚಿಸುತ್ತಿದ್ದಾಳೆ. ಅದರಲ್ಲಿ ತಪ್ಪೇನಿದೆ?

ದಾವಣಗೆರೆ–ಹ್ಯೂಸ್ಟನ್

ತಪ್ಪು ಅಂತ ಹೇಳಿಲ್ಲ. ಯೋಚಿಸಲಿ, ಆದರೆ ಅಪ್ಪನ 3,400 ಡಾಲರ್‌ನಲ್ಲಿ ಅಲ್ಲ. ತಾನೇ ದುಡಿದ ಮೇಲೆ ಕೊಡಲಿ. ನನ್ನ ಸಾಲವನ್ನು ಯಾರೂ ಹಂಚಿಕೊಳ್ಳಲಿಲ್ಲ.

ಗದಗ–ಟೊರಾಂಟೊ

ಇದನ್ನೆಲ್ಲ ಓದಿ ರಾತ್ರಿ ನಿದ್ದೆ ಬರಲಿಲ್ಲ. ಇಲ್ಲಿ ಕೆನಡಾದಲ್ಲಿ ನನ್ನ ಹೆರಿಗೆಗೆ ಸರ್ಕಾರದ ಹೆಲ್ತ್ ಕಾರ್ಡ್ ತೋರಿಸಿದೆ, ಅಷ್ಟೇ. ಆಸ್ಪತ್ರೆಯಿಂದ ಒಂದು ಡಾಲರ್ ಬಿಲ್ ಬರಲಿಲ್ಲ. ಅದೇ ವರ್ಷ ಊರಿನಲ್ಲಿ ನಮ್ಮ ಅವ್ವನ ಆಪರೇಷನ್‌ಗೆ ಅಣ್ಣ ಎರಡು ಎಕರೆ ಹೊಲ ಮಾರಿದ. ನನಗೆ ಹೇಳಲೇ ಇಲ್ಲ. ಬಾಣಂತಿ, ಅವಳಿಗೆ ಚಿಂತೆ ಬೇಡ ಅಂದನಂತೆ. ಅವ್ವ ಉಳಿಯಲಿಲ್ಲ. ಆ ಮಗಳು ಈಗ ಯೂನಿವರ್ಸಿಟಿಯಲ್ಲಿ ಇದ್ದಾಳೆ. "ಒಂದೇ ಮನೆಯ ಇಬ್ಬರಿಗೆ ಎರಡು ನ್ಯಾಯ ಯಾಕಮ್ಮ?" ಅಂತ ಒಂದು ಸಲ ಕೇಳಿದಳು. ಏನು ಹೇಳಲಿ?

ಮಂಡ್ಯ–ಲೆಸ್ಟರ್

ನಮ್ಮ ಇಂಗ್ಲೆಂಡ್‌ನಲ್ಲಿ ಈ ಪ್ರಶ್ನೆಯೇ ಹುಟ್ಟೋದಿಲ್ಲ. 1948ರ ಜುಲೈ 5ರಿಂದ ಎನ್‌ಎಚ್‌ಎಸ್, ಅಂದರೆ ಎಲ್ಲರಿಗೂ ಸರ್ಕಾರಿ ಆರೋಗ್ಯ ಸೇವೆ, ಇದೆ. ಆದರೆ ವೀಸಾದಲ್ಲಿ ಬರುವವರು ಮೊದಲೇ ಕಟ್ಟಬೇಕು, 2024ರ ಫೆಬ್ರವರಿಯಿಂದ ವರ್ಷಕ್ಕೆ 1,035 ಪೌಂಡ್. ವಿದ್ಯಾರ್ಥಿಗಳಿಗೆ 776. ಕಾಯೋದು ಜಾಸ್ತಿ, ನನ್ನ ಮೊಣಕಾಲಿನ ಆಪರೇಷನ್‌ಗೆ ಹದಿನಾಲ್ಕು ತಿಂಗಳು ಕಾದೆ. ಆದರೂ ಇದನ್ನು ಬಿಟ್ಟುಕೊಡೋದಿಲ್ಲ.

ತೀರ್ಥಹಳ್ಳಿಯವರ ಮಗಳು ಹೇಳೋದು ನಮಗೆ ಹೊಸದೇನೂ ಅಲ್ಲ. 2003ರಲ್ಲಿ ಎಸ್. ಎಂ. ಕೃಷ್ಣ ಅವರ ಸರ್ಕಾರ ಯಶಸ್ವಿನಿ ಆರೋಗ್ಯ ಯೋಜನೆ ತಂದಾಗ ಸಹಕಾರ ಸಂಘದ ರೈತರು ತಿಂಗಳಿಗೆ ಐದು ರೂಪಾಯಿ ಕೊಟ್ಟರು. ಹೃದಯ ತಜ್ಞ ಡಾ. ದೇವಿ ಶೆಟ್ಟಿ ಅವರೂ ಅದರ ಹಿಂದೆ ಇದ್ದರು. ಲಕ್ಷಾಂತರ ಜನ ಕಟ್ಟಿದರು. ಆಪರೇಷನ್ ಆದದ್ದು ಕೆಲವರಿಗೆ. ನಮ್ಮಪ್ಪ ಅದರಲ್ಲಿ ಒಬ್ಬರು, ಹೃದಯದ ಆಪರೇಷನ್. ಆಪರೇಷನ್ ಬೇಕಾಗದವರು ಯಾರೂ ನಮ್ಮ ಐದು ರೂಪಾಯಿ ಹೋಯಿತು ಅಂತ ಜಗಳಕ್ಕೆ ಬರಲಿಲ್ಲ. 2018ರಲ್ಲಿ ಆ ಯೋಜನೆ ನಿಂತಾಗ ಅಪ್ಪ ತುಂಬಾ ನೊಂದುಕೊಂಡರು. 2022ರಲ್ಲಿ ಮತ್ತೆ ಶುರುವಾಯಿತು ಅಂದಾಗ ಮೊದಲು ಫೋನ್ ಮಾಡಿದ್ದು ನನಗೆ.

ಮೈಸೂರು–ಆಸ್ಟಿನ್

ನನ್ನ ಮಗ ಇದನ್ನು ಓದಿ ತಾನೂ ಬರೆಯುತ್ತೇನೆ ಅಂದ. ಅವನು ಹೇಳಿದ್ದು, ಕನ್ನಡ ನಾನು ತಿದ್ದಿದ್ದೇನೆ.

"ಕಾಲೇಜಿನವರೆಲ್ಲ ಒಂದೇ ಥರ ಯೋಚಿಸುತ್ತೇವೆ ಅಂತ ದಯವಿಟ್ಟು ತಿಳಿಯಬೇಡಿ. ನಮ್ಮ ಕ್ಲಾಸಿನಲ್ಲಿ ಚಿಕಿತ್ಸೆ ಎಲ್ಲರ ಹಕ್ಕು ಅಂತ ಹೆಚ್ಚಿನವರು ಕೈ ಎತ್ತಿದರು. ನಿಮ್ಮ ಮೊದಲ ಸಂಬಳದಿಂದ ಅದಕ್ಕೆ ತೆರಿಗೆ ಕೊಡುತ್ತೀರಾ ಅಂತ ಪ್ರೊಫೆಸರ್ ಕೇಳಿದಾಗ ಕೆಲವು ಕೈ ಕೆಳಗೆ ಬಂದವು. ನನ್ನದೂ ಬಂತು. ನಾಚಿಕೆ ಆಯಿತು, ಆದರೆ ನನ್ನ ಪ್ರಶ್ನೆಯೂ ನಿಜ. 2010ರ ಕಾನೂನಿನ ಪ್ರಕಾರ ತಾನಾಗಿ ಪಾಲಿಸಿ ಕೊಳ್ಳುವ 64 ವರ್ಷದವರಿಂದ 21 ವರ್ಷದವರಿಗಿಂತ ಮೂರು ಪಟ್ಟಿಗಿಂತ ಜಾಸ್ತಿ ಪ್ರೀಮಿಯಂ ಕೇಳುವ ಹಾಗಿಲ್ಲ. ಅವರ ಖರ್ಚಿನ ವ್ಯತ್ಯಾಸ ಅದಕ್ಕಿಂತ ದೊಡ್ಡದು. ಆ ಕೊರತೆ ತುಂಬೋದು ಚಿಕ್ಕವರು. ಕಾಯಿಲೆ ಇರುವವರಿಗೆ ಕೊಡಲು ನನಗೆ ಸಂತೋಷ. ಮನೆ ಸಾಲ ತೀರಿದ, ನನಗಿಂತ ದುಡ್ಡಿರುವ ಹಿರಿಯರಿಗೆ ಸಾಲ ಮಾಡಿ ಓದುವ ನಾನು ಕೊಡಬೇಕಾ? ಇದಕ್ಕೆ ಉತ್ತರ ಇನ್ನೂ ಹುಡುಕುತ್ತಿದ್ದೇನೆ."

ದಾವಣಗೆರೆ–ಹ್ಯೂಸ್ಟನ್

ಭೇಷ್! ಈ ಹುಡುಗನಿಗೆ ಲೆಕ್ಕ ಗೊತ್ತು. ಇವನ ಮಾತು ಎಲ್ಲ ಮಕ್ಕಳಿಗೂ ಓದಿಸಿ.

ಉಡುಪಿ–ಸ್ಯಾನ್ ಹೋಸೆ

ಸರ್, ಅವನು ಹುಡುಕುತ್ತಿದ್ದೇನೆ ಅಂದ. ನೀವು ತೀರ್ಪು ಕೊಟ್ಟುಬಿಟ್ಟಿರಿ.

ತೀರ್ಥಹಳ್ಳಿ–ಕೊಲಂಬಸ್

ಎಲ್ಲರಿಗೂ ಧನ್ಯವಾದ. ಮಗಳೂ ಎಲ್ಲವನ್ನೂ ಓದಿದಳು. ಅವಳ ಮಾತು ಇಲ್ಲಿ ಹಾಕುತ್ತಿದ್ದೇನೆ.

"ಹ್ಯೂಸ್ಟನ್ ಅಂಕಲ್, ನಿಮ್ಮ ಕಥೆ ನನ್ನನ್ನು ತುಂಬಾ ಕಾಡಿತು. ನಾಲ್ಕು ವರ್ಷ ಕಟ್ಟಿದ್ದು ದೊಡ್ಡ ವಿಷಯ. ಆದರೆ ನಿಮಗೆ ಕೆಲಸ ಇತ್ತು, ಆರೋಗ್ಯ ಇತ್ತು. ನನ್ನ ರೂಮ್‌ಮೇಟ್ ಮೆಡಿಕೇಡ್‌ನಲ್ಲಿ (ಕಡಿಮೆ ಆದಾಯದವರ ಸರ್ಕಾರಿ ಇನ್ಶೂರೆನ್ಸ್) ಇದ್ದಾಳೆ. ಅವಳಿಗೆ ಲೂಪಸ್, ರೋಗನಿರೋಧಕ ಶಕ್ತಿಯೇ ಮೈ ಮೇಲೆ ತಿರುಗಿ ಬೀಳುವ, ವಾಸಿಯಾಗದ ಕಾಯಿಲೆ. 2025ರ ಜುಲೈ 4ರಂದು ಸಹಿಯಾದ ಕಾನೂನಿನಲ್ಲಿ ಅವಳಂಥವರು ತಿಂಗಳಿಗೆ 80 ಗಂಟೆ ಕೆಲಸ ತೋರಿಸಬೇಕು ಅಂತ ಇದೆ. 2027ರ ಜನವರಿ 1ರ ಒಳಗೆ ರಾಜ್ಯಗಳು ಇದನ್ನು ಜಾರಿ ಮಾಡಬೇಕು. ಕನಿಷ್ಠ ಅರ್ಧ ಹೊತ್ತು ಓದುವವರಿಗೆ ವಿನಾಯಿತಿ ಇದೆ. ಗಂಭೀರ ಕಾಯಿಲೆ ಇರುವವರಿಗೂ ಇದೆ, ಆದರೆ ಅದನ್ನು ಕಾಗದದಲ್ಲಿ ತೋರಿಸಬೇಕು. ಕಾಯಿಲೆ ಜಾಸ್ತಿಯಾಗಿ ಒಂದು ಸೆಮಿಸ್ಟರ್ ಬಿಟ್ಟರೆ, ಮಲಗಿದ ಜಾಗದಿಂದಲೇ ಅವಳು ಆ ಕಾಗದಗಳ ಹಿಂದೆ ಓಡಬೇಕು. ಅವಳು ನಿಮ್ಮಷ್ಟೇ ಗಟ್ಟಿಗಿತ್ತಿ. ಮೈಸೂರಿನ ಅಣ್ಣ ಕೇಳಿದ್ದು ಸರಿ ಇದೆ, ನನಗೂ ಅದಕ್ಕೆ ಉತ್ತರ ಗೊತ್ತಿಲ್ಲ."

ದಾವಣಗೆರೆ–ಹ್ಯೂಸ್ಟನ್

ಮಗಳೇ, ನಿನ್ನ ಗೆಳತಿಯ ವಿಷಯ ಬೇರೆ. ಅಂಥವರಿಗೆ ಸಹಾಯ ಬೇಡ ಅಂತ ನಾನು ಯಾವತ್ತೂ ಹೇಳೋದಿಲ್ಲ. ನಮ್ಮ ದೇವಸ್ಥಾನದಿಂದ ಅಂಥವರಿಗೆ ದುಡ್ಡು ಕೂಡಿಸಿ ಕೊಡುತ್ತೇವೆ. ಅದನ್ನು ಮನಸ್ಸಿನಿಂದ ಕೊಡಬೇಕು, ಕಾನೂನಿನಿಂದ ಕಿತ್ತುಕೊಳ್ಳಬಾರದು. ಡಾಕ್ಟರ್ ಓದು ಮಾತ್ರ ಬಿಡಬೇಡ.

ಶಿರಸಿ–ಪಿಟ್ಸ್‌ಬರ್ಗ್

ಅಕ್ಕ, ಫೋನ್ ಮಾಡಿದಿರಾ? ಕೊನೆ ದಿನ ಹತ್ತಿರ ಬಂತು.

ತೀರ್ಥಹಳ್ಳಿ–ಕೊಲಂಬಸ್

ಮಾಡಿದೆ ತಮ್ಮ. ನಲವತ್ತು ನಿಮಿಷ ಕಾಯಿಸಿದರು. ನಮ್ಮದು ಎಚ್‌ಎಂಒ. ಅವಳ ಕಾಲೇಜು ಇರುವ ಊರಿನಲ್ಲಿ ನೆಟ್‌ವರ್ಕ್ ಡಾಕ್ಟರ್ ಒಬ್ಬರೂ ಇಲ್ಲ. ಎಮರ್ಜೆನ್ಸಿ ಮಾತ್ರ. ಹೋದ ವರ್ಷ ಪೂರ್ತಿ ಅವಳು ಹಾಗೇ ಇದ್ದಳು, ನಮಗೆ ಗೊತ್ತೇ ಇರಲಿಲ್ಲ. ಫೆಬ್ರವರಿಯಲ್ಲಿ ಎರಡು ವಾರ ಕೆಮ್ಮಿದಾಗ ಯಾಕೆ ಡಾಕ್ಟರ್ ಹತ್ತಿರ ಹೋಗಲಿಲ್ಲ ಅಂತ ಬೈದಿದ್ದೆ. ಬಿಲ್ ಜಾಸ್ತಿ ಬರುತ್ತೆ ಅಂತ ಹೋಗಲಿಲ್ಲವಂತೆ. ನಿನ್ನೆ ಹೇಳಿದಳು.

ಯಜಮಾನರು ಕಾಲೇಜಿನ ಇನ್ಶೂರೆನ್ಸ್‌ಗೆ ದುಡ್ಡು ಕಟ್ಟಿದರು. ಒಪ್ಪಿಗೆ ಪತ್ರಕ್ಕೂ ಮಗಳು ಸಹಿ ಹಾಕಿದ್ದಾಳೆ.

ಹಾಸನ–ಎಡಿಸನ್

ಪಿಟ್ಸ್‌ಬರ್ಗ್‌ನವರೇ, ಈಗ ನಮ್ಮ ಕಾರ್ಡ್ ತೆಗೆದು ನೋಡಿದೆ. ಎಚ್‌ಎಂಒ ಅಂತ ಇದೆ. ಚಿಕ್ಕವನು ಅಟ್ಲಾಂಟಾದಲ್ಲಿ ಓದುತ್ತಿದ್ದಾನೆ. ವೇವರ್ ಹೋದ ವಾರವೇ ಕಳಿಸಿಬಿಟ್ಟೆವು. ವಾಪಸ್ ತೆಗೆದುಕೊಳ್ಳಬಹುದಾ?

ಶಿರಸಿ–ಪಿಟ್ಸ್‌ಬರ್ಗ್

ಅವರ ಕೊನೆ ದಿನ ಮುಗಿದಿಲ್ಲ ಅಂದರೆ ಕೇಳಿ ನೋಡಬಹುದು. ನಾಳೆ ಬೆಳಿಗ್ಗೆ ಆಫೀಸ್ ತೆಗೆದ ಕೂಡಲೇ ಮಗನಿಂದಲೇ ಫೋನ್ ಮಾಡಿಸಿ, ನಿಮ್ಮ ಹತ್ತಿರ ಅವರು ಮಾತಾಡಲಿಕ್ಕಿಲ್ಲ. ಕಾರ್ಡ್ ನಂಬರ್ ಅವನ ಹತ್ತಿರ ಇರಲಿ.