ಸಹಾಯ ಬೇಕು: ಮಕ್ಕಳ ದಿನಾಚರಣೆಗೆ ಆಕಾಶಬುಟ್ಟಿ ಮತ್ತು ಮನೆತಿಂಡಿ

ಎಲ್ಲರಿಗೂ ನಮಸ್ಕಾರ. ನವೆಂಬರ್ 14ರ ಮಕ್ಕಳ ದಿನಾಚರಣೆಯಂದು ಕಾರವಾರದ ನಮ್ಮ ಓಣಿಯ ಸುಮಾರು 20 ಮಕ್ಕಳನ್ನು ಮನೆಯಂಗಳದಲ್ಲಿ ಸೇರಿಸಿ, ಅವರ ಕೈಯಿಂದಲೇ ಸಣ್ಣ ಆಕಾಶಬುಟ್ಟಿಗಳನ್ನು ಮಾಡಿಸಬೇಕೆಂದಿದ್ದೇನೆ. ಕಳೆದ ವರ್ಷ ಗಾಳಿಪಟದ ಕಾಗದವನ್ನು ಮೈದಾ ಅಂಟಿನಿಂದ ಬಿದಿರುಕಡ್ಡಿಗೆ ಅಂಟಿಸಿದ್ದೆವು; ಆದರೆ ಕಡಲ ಕಡೆಯ ತೇವದ ಗಾಳಿಗೆ ಅಂಟು ರಾತ್ರಿಯಾದರೂ ಒಣಗದೆ ಕಾಗದ ಸಡಿಲಾಗಿ ಜೋತುಬಿದ್ದಿತು, ಉಳಿದ ಅಂಟಿಗೆ ಇರುವೆ ಮುತ್ತಿದವು. ಮೈಲುತುತ್ತ ಬೆರೆಸಿದರೆ ಹುಳ ಬಾರದೆಂದು ಹಿರಿಯರೊಬ್ಬರು ಹೇಳಿದರಾದರೂ, ಅದು ವಿಷವಾದ್ದರಿಂದ ಬೆರಳು ಚೀಪುವ ವಯಸ್ಸಿನವರ ಕೈಗೆ ಕೊಡಲು ನನಗೆ ಮನಸ್ಸಿಲ್ಲ. ಕರಾವಳಿಯಲ್ಲಿ ಮಾಡಿ ಅನುಭವವಿರುವವರು ಅಂಟಿನ ಹದವನ್ನೂ, ತೇವಕ್ಕೆ ಜಗ್ಗದ ಕಾಗದ ಯಾವುದೆಂಬುದನ್ನೂ ದಯವಿಟ್ಟು ತಿಳಿಸಬೇಕು. ಒಳಗೆ ಹಣತೆಯಿಡುವುದಿಲ್ಲ, ಬ್ಯಾಟರಿಯ ಪುಟ್ಟ ದೀಪ ಸಾಕು.

ತಿಂಡಿಗೆ ನನ್ನ ತವರಾದ ಶಿರಸಿಯ ತೊಡೆದೇವು ಮಾಡಿಸುವ ಆಸೆಯಿತ್ತು. ಆದರೆ ಕಾದ ಮಡಕೆಯ ಬೆನ್ನಿಗೆ ಹಿಟ್ಟನ್ನು ತೆಳ್ಳಗೆ ಬಳಿದು ಎಬ್ಬಿಸುವ ಆ ಕೆಲಸ (ನನಗೇ ಇನ್ನೂ ಸರಿಯಾಗಿ ಒಲಿದಿಲ್ಲ) ಮಕ್ಕಳದ್ದಲ್ಲ. ಒಲೆ ಹಚ್ಚದೆ ಅವರೇ ಕಟ್ಟಬಹುದಾದ ಅವಲಕ್ಕಿ ಬೆಲ್ಲದ ಉಂಡೆಗೆ ಹಸಿ ಕಾಯಿತುರಿ ಹಾಕಿದರೆ ಸಂಜೆಯವರೆಗೆ ಹಳಸದೆ ಉಳಿಯುವುದೇ, ಇಲ್ಲವೇ ಒಣಕೊಬ್ಬರಿಯೇ ಲೇಸೇ?