‘ಸ್ಪ್ಲಿಟ್’ ಹಕ್ಕಿಗೆ ‘ಒಳಗಂದು’ ಅನ್ನಬಹುದಾ?

ಗೆಳೆಯರೇ, ಒಂದು ಪದ ಬೇಕಾಗಿದೆ.

ತುಮಕೂರಲ್ಲಿ ಜೀಬ್ರಾ ಫಿಂಚ್ ಅನ್ನುವ ಪುಟ್ಟ ಪಂಜರದ ಹಕ್ಕಿ ಸಾಕುವ ನಾವು ನಾಲ್ಕೈದು ಜನ ದಿನಾ ‘ಸ್ಪ್ಲಿಟ್’ ಅನ್ನುತ್ತಿರುತ್ತೇವೆ. ‘ಗ್ರೇ ಗಂಡು, ಫಾನ್ ಸ್ಪ್ಲಿಟ್’ ಅಂದರೆ ನೋಡಲು ಬೂದು ಬಣ್ಣದ ಗಂಡೇ, ಆದರೆ ಅದರ ಮರಿಗಳಲ್ಲಿ ಕಂದು ಬಣ್ಣ ಬರಬಹುದು ಅಂತ. ಹಳಬರಿಗೆ ಇದು ಸಲೀಸು. ಹೋದ ತಿಂಗಳು ಗುಬ್ಬಿಯಿಂದ ಬಂದ ಹುಡುಗನೊಬ್ಬ ಸ್ಪ್ಲಿಟ್ ಗಂಡು ಬೇಕು ಅಂದ. ತೋರಿಸಿದೆ. ‘ಎಲ್ಲಿ ಅಣ್ಣ, ಇದು ಪೂರ್ತಿ ಬೂದೇ ಅಲ್ವಾ?’ ಅಂದ. ಅರ್ಧ ಬೂದು, ಅರ್ಧ ಕಂದು ಇರುವ ಹಕ್ಕಿ ಅಂದುಕೊಂಡಿದ್ದ. ತಪ್ಪು ಅವನದಲ್ಲ. ಆ ಪದ ಕೇಳಿದರೆ ಯಾರಿಗಾದರೂ ಹಾಗೇ ಅನ್ನಿಸುತ್ತದೆ.

ಸ್ಪ್ಲಿಟ್‌ಗೆ ಪುಸ್ತಕದಲ್ಲಿರುವ ‘ವಾಹಕ’ ಅನ್ನುವ ಪದ ನನಗೆ ಒಗ್ಗುತ್ತಿಲ್ಲ. ‘ರೋಗವಾಹಕ’ ಕೇಳಿ ಕೇಳಿ, ವಾಹಕ ಹಕ್ಕಿ ಅಂದರೆ ಕಾಯಿಲೆ ಹಕ್ಕಿ ಅನ್ನಿಸಿಬಿಡುತ್ತದೆ. ಹೀಗೆ ಅಡಗಿ ಕೂರುವ ಗುಣಕ್ಕೆ ‘ದುರ್ಬಲ’ ಅಂತ ಬರೆಯುವುದನ್ನೂ ಓದಿದ್ದೇನೆ. ಅದು ಇನ್ನೂ ಕಷ್ಟ. ಹಕ್ಕಿ ಗಟ್ಟಿಯಾಗಿಯೇ ಇರುತ್ತದೆ, ಬಣ್ಣ ಹೊರಗೆ ಕಾಣುವುದಿಲ್ಲ ಅಷ್ಟೇ.

ಆದರೆ ನಾವೇ ಮಾತಿನ ಭರದಲ್ಲಿ ‘ಇದರ ಒಳಗೆ ಫಾನ್ ಇದೆ ಕಣೋ’ ಅನ್ನುತ್ತೇವೆ. ಕನ್ನಡ ಅಲ್ಲೇ ಇತ್ತಲ್ಲ ಅನ್ನಿಸಿತು. ಒಳ, ಕಂದು ಸೇರಿಸಿದರೆ ‘ಒಳಗಂದು’. ಮಳೆ, ಕಾಲ ಸೇರಿ ಮಳೆಗಾಲ ಆದ ಹಾಗೆ. ಬಿಳಿ ಬಣ್ಣ ಅಡಗಿದ್ದರೆ ‘ಒಳಬಿಳಿ’. ಒಳಗುಟ್ಟು, ಒಳಸಂಚು ಇರುವ ಭಾಷೆಗೆ ಇವೇನೂ ಹೊರಗಿನವಲ್ಲ.

ಪದ ಕೆಲಸಕ್ಕೆ ಬರುತ್ತದಾ ಅಂತ ನಮ್ಮ ಪಂಜರದಲ್ಲೇ ನೋಡಿದೆ. ಕಂದು ಬಣ್ಣದ ಗುಣ ಇರುವುದು ಝಡ್ ಅನ್ನುವ ವರ್ಣತಂತುವಿನಲ್ಲಿ, ಅಂದರೆ ಅಪ್ಪ ಅಮ್ಮನ ಗುಣಗಳನ್ನು ಮರಿಗೆ ತಲುಪಿಸುವ ಎಳೆಯಲ್ಲಿ. ಹಕ್ಕಿಗಳಲ್ಲಿ ಗಂಡಿಗೆ ಎರಡು ಝಡ್, ಹೆಣ್ಣಿಗೆ ಒಂದೇ. ಹಾಗಾಗಿ ಗಂಡಿನಲ್ಲಿ ಒಂದು ಝಡ್ ಕಂದಾಗಿದ್ದರೂ ಇನ್ನೊಂದು ಅದನ್ನು ಮುಚ್ಚುತ್ತದೆ. ಹೆಣ್ಣಿನಲ್ಲಿ ಮುಚ್ಚಲು ಇನ್ನೊಂದು ಇಲ್ಲ. ಗುಣ ಇದ್ದರೆ ಮೈಮೇಲೆ ಕಂಡೇ ಕಾಣುತ್ತದೆ. ಅಂದಮೇಲೆ ಒಳಗಂದು ಗಂಡು ಉಂಟು, ಒಳಗಂದು ಹೆಣ್ಣು ಇಲ್ಲವೇ ಇಲ್ಲ. ಬಿಳಿಯ ಲೆಕ್ಕ ಬೇರೆ. ಅದು ಇಬ್ಬರಲ್ಲೂ ಅಡಗಿ ಕೂರುತ್ತದೆ, ಒಳಬಿಳಿ ಹೆಣ್ಣೂ ಇರುತ್ತದೆ.

ನಮ್ಮಲ್ಲಿ ಒಂದು ಬೂದು ಜೋಡಿ ಐದು ಮರಿ ಮಾಡಿತು, ಅದರಲ್ಲಿ ಎರಡು ಕಂದು. ಮರಿಗಳ ಕೊಕ್ಕು ಇನ್ನೂ ಕಪ್ಪಗಿತ್ತು, ಕೆನ್ನೆಯ ಕಿತ್ತಳೆ ಬಣ್ಣ ಬರುವ ವಯಸ್ಸಲ್ಲ. ಆದರೂ ಆ ಎರಡೂ ಹೆಣ್ಣು ಅಂತ ಆಗಲೇ ಹೇಳಬಹುದಿತ್ತು. ಯಾಕೆಂದರೆ ಅಮ್ಮ ಬೂದು. ಗಂಡುಮರಿಗೆ ಒಂದು ಝಡ್ ಅವಳಿಂದಲೇ ಬರಬೇಕು, ಅದು ಕಂದನ್ನು ಮುಚ್ಚುತ್ತದೆ. ಅಪ್ಪ ಒಳಗಂದು ಅನ್ನುವುದು ಗೊತ್ತಾದದ್ದೂ ಆ ಮರಿಗಳಿಂದಲೇ. ಅವತ್ತು ನನಗಾದ ಖುಷಿ ಅಷ್ಟಿಷ್ಟಲ್ಲ.

ಇಷ್ಟು ಚೆನ್ನಾಗಿ ಕೂತ ಪದಕ್ಕೆ ನಮ್ಮ ಅಮ್ಮನೇ ತಕರಾರು ತೆಗೆದರು. ‘ಒಳಗಂದು ಗಂಡು’ ಅಂದದ್ದು ಕಿವಿಗೆ ಬಿದ್ದು, ‘ಗಂಡಿನ ಒಳಗೆ ಕಂದು ಹೇಗಪ್ಪಾ ಇರುತ್ತೆ?’ ಅಂದರು. ಅವರು ವರ್ಷಗಟ್ಟಲೆ ಹಸು ಸಾಕಿ ಡೇರಿಗೆ ಹಾಲು ಹಾಕಿದವರು. ಅವರಿಗೆ ಕಂದು ಅಂದರೆ ಬಣ್ಣ ಆಮೇಲೆ, ಮೊದಲು ಹೊಟ್ಟೆಯಲ್ಲಿರುವ ಕರು. ಹಸು ‘ಕಂದು ಹಾಕಿತು’ ಅಂದರೆ ದಿನ ತುಂಬುವ ಮುಂಚೆ ಕರು ಹೋಯಿತು ಅಂತ. ಮನೆಗೆ ದೊಡ್ಡ ನೋವಿನ ಮಾತು ಅದು. ಮಗುವನ್ನು ಕರೆಯುವ ‘ಕಂದ’ದ ಪಕ್ಕದಲ್ಲೇ ಇರುವ ಪದ. ನನಗೆ ಇದು ಹೊಳೆದಿರಲೇ ಇಲ್ಲ.

ಅಮ್ಮ ಆ ಮರಿಗಳನ್ನು ‘ಹುರುಳಿ ಬಣ್ಣದವು’ ಅನ್ನುತ್ತಾರೆ. ಕೈಯಲ್ಲಿ ಹುರುಳಿಕಾಳು ಹಿಡಿದು ನೋಡಿದೆ, ಬರೀ ಕಂದು ಅನ್ನುವುದಕ್ಕಿಂತ ಹತ್ತಿರ. ಆದರೆ ‘ಒಳಹುರುಳಿ’ ಅಂದರೆ ಯಾರಿಗೆ ತಿಳಿಯುತ್ತೆ?

ಈಗ ನನ್ನ ಪ್ರಶ್ನೆ. ‘ಒಳಗಂದು’ ನಿಮ್ಮ ಕಿವಿಗೆ ಮೊದಲು ಬಣ್ಣವಾಗಿ ಕೇಳುತ್ತದೋ, ಕರುವಾಗಿಯೋ? ಬಣ್ಣದ ಹೆಸರು ಬಿಟ್ಟು ಸುಮ್ನೆ ‘ಒಳಬಣ್ಣದ ಗಂಡು’ ಅಂದರೆ ಸಾಕಾ? ಅದು ರೆಕ್ಕೆಯ ಅಡಿಯ ಬಣ್ಣ ಅಂತ ಅನ್ನಿಸುತ್ತದೇನೋ ಅನ್ನುವ ಅನುಮಾನ ನನಗಿದೆ. ಪಾವಗಡ, ಮಧುಗಿರಿ, ಕೋಲಾರದ ಕಡೆ ಕುರಿ, ನಾಟಿಕೋಳಿ ಸಾಕುವವರು ಇದ್ದರೆ ದಯವಿಟ್ಟು ಹೇಳಿ. ಕಪ್ಪು ಜೋಡಿಗೆ ಕೆಂಪು ಮರಿ ಹುಟ್ಟಿದಾಗ ನಿಮ್ಮ ಮನೆಯ ಹಿರಿಯರು ಆ ಅಪ್ಪ ಅಮ್ಮನ ಬಗ್ಗೆ ಯಾವ ಮಾತು ಹೇಳುತ್ತಿದ್ದರು?