ಅಣ್ಣನಿಗೆ ಮೆಗ್ನೀಸಿಯಂ ಹಾಕುವ ಮುಂಚೆ

ಶೈಲಾ, ನೆಬ್ಯುಲೈಸರ್ ಹಾಕಿದರೂ ಅಣ್ಣನ ಉಬ್ಬಸ ಇಳಿಯದಿದ್ದರೆ ನರಕ್ಕೆ ಮೆಗ್ನೀಸಿಯಂ ಕೊಡಬೇಕಾಗುತ್ತದೆಂದು ಡಾಕ್ಟರು ಹೇಳಿದ್ದನ್ನೂ, 76ರ ವಯಸ್ಸಿನಲ್ಲಿ ಅವನು ಅದನ್ನು ತಡೆದುಕೊಳ್ಳುತ್ತಾನೆಯೇ ಎಂದು ನೀನು ಕೇಳಿದ್ದನ್ನೂ ಈಗ ನೋಡಿದೆ. ಅದು ಹೊಸ ಔಷಧವೇನಲ್ಲ. ಹೆರಿಗೆ ವಾರ್ಡಿನಲ್ಲಿ ಬಸುರಿ ನಂಜಿನ ಹೆಂಗಸರಿಗೆ ಫಿಟ್ಸ್ ಬಾರದಂತೆ ನಾವು ಕೊಡುತ್ತಿದ್ದುದೂ ಅದೇ. ಮುಂದಿನ ಡೋಸಿಗೆ ಮೊದಲು ಮೊಣಕಾಲು ತಟ್ಟಿದರೆ ಒದೆಯುತ್ತದೆಯೇ, ಉಸಿರು ನಿಮಿಷಕ್ಕೆ 16ಕ್ಕಿಂತ ಕೆಳಗಿಳಿದಿಲ್ಲವೇ, ಮೂತ್ರ ಸರಿಯಾಗಿ ಹೋಗುತ್ತಿದೆಯೇ ಎಂದು ನೋಡದೆ ಸಿರಿಂಜ್ ಮುಟ್ಟುತ್ತಿರಲಿಲ್ಲ. ಅದು ಶ್ವಾಸನಾಳದ ಬಿಗಿಯನ್ನು ಸಡಿಲಿಸುವುದು ನಿಜ. ಆದರೆ ಮೈಯಿಂದ ಹೊರಹೋಗಲು ಅದು ಕಿಡ್ನಿಯನ್ನೇ ನಂಬಿದೆ. ಅಣ್ಣನ ಕ್ರಿಯಾಟಿನಿನ್ (ಕಿಡ್ನಿ ಹೇಗೆ ಕೆಲಸ ಮಾಡುತ್ತಿದೆಯೆಂದು ತೋರಿಸುವ ರಕ್ತಪರೀಕ್ಷೆ) ಎಷ್ಟು, ಯಾವ ಬಿಪಿ ಮಾತ್ರೆ ನುಂಗುತ್ತಾನೆ ಎಂಬುದನ್ನು ಡಾಕ್ಟರಿಗೆ ಹೇಳದೆ ಆ ಡ್ರಿಪ್ ಶುರುವಾಗಬಾರದು.

ನಮ್ಮನೆಯವರಿಗೆ ಆದದ್ದು ನಿಮ್ಮಲ್ಲಿ ಅರ್ಧ ಜನಕ್ಕೆ ಮಾತ್ರ ಗೊತ್ತು. ಆ ಮಳೆಗಾಲದ ರಾತ್ರಿ ಅವರು ಒಂದು ಉಸಿರಿಗೆ ಎರಡು ಪದವನ್ನೂ ಆಡಲಾರದ ಸ್ಥಿತಿಯಲ್ಲಿದ್ದರು. ಆಕ್ಸಿಜನ್, ನೆಬ್ಯುಲೈಸರ್, ಸ್ಟೀರಾಯ್ಡ್ ಎಲ್ಲವೂ ಆದ ಮೇಲೆ ಡಾಕ್ಟರು 2 ಗ್ರಾಂ ಮೆಗ್ನೀಸಿಯಂ ಸಲ್ಫೇಟನ್ನು 20 ನಿಮಿಷದಲ್ಲಿ ಹರಿಸಬೇಕೆಂದು ಸರಿಯಾಗಿಯೇ ಬರೆದಿದ್ದರು. ಅಲ್ಲಿದ್ದ ಹುಡುಗ ಅವಸರದಲ್ಲಿ ಡ್ರಿಪ್ಪಿನ ಚಕ್ರವನ್ನು ಪೂರ್ತಿ ತೆರೆದುಬಿಟ್ಟ. ಅವರ ಮುಖ ಕೆಂಪಾಗಿ, ಮೈಯೆಲ್ಲ ಉರಿಯುತ್ತಿದೆ ಎನ್ನುವಷ್ಟರಲ್ಲಿ ಬಿಪಿಯ ಮೇಲಿನ ಅಂಕಿ 80ಕ್ಕೆ ಬಂತು. ಮೆಗ್ನೀಸಿಯಂ ರಕ್ತನಾಳಗಳನ್ನೂ ಸಡಿಲಿಸುತ್ತದೆ. ಇವರು ಬೆಳಿಗ್ಗೆಯಷ್ಟೇ ಬಿಪಿ ಇಳಿಸುವ ಆಮ್ಲೋಡಿಪಿನ್ ಮಾತ್ರೆ ನುಂಗಿದ್ದರು. ಡ್ರಿಪ್ ನಿಲ್ಲಿಸಿ, ಸಲೈನ್ ಕೊಟ್ಟು, ಅಗತ್ಯಬಿದ್ದರೆ ಇರಲೆಂದು ಮೆಗ್ನೀಸಿಯಂಗೆ ಪ್ರತಿಮದ್ದಾದ ಕ್ಯಾಲ್ಸಿಯಂ ಗ್ಲುಕೊನೇಟ್ ಪಕ್ಕದಲ್ಲಿಟ್ಟುಕೊಂಡರು. ಇಷ್ಟಾದ ಮೇಲೆ ಪಾಳಿ ಬದಲಾಯಿತು. ಮೊದಲನೆಯ ಡೋಸನ್ನು ಚಾರ್ಟಿನಲ್ಲಿ ಯಾರೂ ಬರೆದಿರಲಿಲ್ಲವಾದ್ದರಿಂದ ಹೊಸ ಸಿಸ್ಟರ್ ಅದೇ ಔಷಧವನ್ನು ಮತ್ತೆ ತಂದರು. ಕಿಡ್ನಿ ಸೊರಗಿದ್ದವರ ಮೈಯಲ್ಲಿ ಅದು ಕೂಡಿಕೊಳ್ಳುತ್ತಾ ಹೋದರೆ ಮೊದಲು ಮೊಣಕಾಲಿನ ಒದೆತ ನಿಲ್ಲುತ್ತದೆ, ಆಮೇಲೆ ಉಸಿರು. ನಾನು ಆ ಸಿಸ್ಟರ್ ಕೈ ಹಿಡಿದು ತಡೆದೆ.

ಅದಕ್ಕೇ ಮತ್ತೊಮ್ಮೆ ಹೇಳುತ್ತೇನೆ: ಕ್ರಿಯಾಟಿನಿನ್ ಮತ್ತು ಬಿಪಿ ಮಾತ್ರೆ, ಇವೆರಡನ್ನೂ ಹೇಳದೆ ಡ್ರಿಪ್ ಹಾಕಿಸಬೇಡಿ.

ಆ ರಾತ್ರಿ ಇದೆಲ್ಲ ಆಗುವ ಮೊದಲೇ ನಾನು ಕ್ರಿಯಾಟಿನಿನ್ ಎಂದು ಬಾಯಿ ತೆರೆದಾಗ ನನ್ನ ಮಕ್ಕಳೇ, "ಅಮ್ಮಾ, ಡಾಕ್ಟರಿಗೆ ಗೊತ್ತಿರುತ್ತದೆ, ನೀವು ಹೊರಗೆ ಕೂತಿರಿ" ಎಂದರು. ವಯಸ್ಸಾದ ರೋಗಿಯನ್ನಾಗಲಿ, ಅವರ ಜೊತೆ ಬಾಳಿದವರನ್ನಾಗಲಿ ಯಾರೂ ಕೇಳುವುದಿಲ್ಲ; ಎಲ್ಲವನ್ನೂ ಫೋನು ಹಿಡಿದ ಮಗನ ಬಾಯಿಂದಲೇ ಕೇಳುತ್ತಾರೆ, ಅವನಿಗೋ ಅಪ್ಪನ ಮಾತ್ರೆಯ ಬಣ್ಣವೂ ತಿಳಿಯದು. ಮನೆಯ ಹಿರಿಯರ ಮಾತ್ರೆಗಳ ಪಟ್ಟಿಯನ್ನು ಬರೆದಿಡಿ ಎಂದು ಯುಗಾದಿಯ ದಿನ ಇದೇ ಗುಂಪಿನಲ್ಲಿ ಹಾಕಿದ್ದೆ. ಒಬ್ಬಟ್ಟಿನ ಫೋಟೋಗಳ ಕೆಳಗೆ ಅದು ಹೂತುಹೋಯಿತು.

ಇರಲಿ, ನೀನು ಕೇಳಿದ್ದಕ್ಕೆ ಉತ್ತರ ಹೇಳುವುದೇ ಉಳಿಯಿತು. ವಯಸ್ಸಾಗಿದೆ ಎಂಬ ಒಂದೇ ಕಾರಣಕ್ಕೆ ಮೆಗ್ನೀಸಿಯಂ ಬೇಡವೆನ್ನಬೇಡಿ. ತೀವ್ರ ಆಸ್ತಮಾದಲ್ಲಿ ಉಳಿದ ಔಷಧಗಳಿಗೆ ಜಗ್ಗದವರಿಗೆ ಒಮ್ಮೆ ಕೊಡುವ ಹೆಚ್ಚುವರಿ ಚಿಕಿತ್ಸೆ ಅದು. ನೆಬ್ಯುಲೈಸರಿಗೂ ಸ್ಟೀರಾಯ್ಡಿಗೂ ಬದಲಿಯಲ್ಲ. ನಮ್ಮನೆಯವರ ಉಬ್ಬಸವೂ ಆ ರಾತ್ರಿ ಇಳಿಯಿತು ಎಂಬುದನ್ನು ಮುಚ್ಚಿಡಲಾರೆ. ಹರಿಯುವಷ್ಟು ಹೊತ್ತೂ ಬಿಪಿ ನೋಡುತ್ತಿರಬೇಕೆಂದು ಕೇಳಿಕೊಳ್ಳಿ. ರಿಪೋರ್ಟು ಸಿಗಲಿಲ್ಲವೆಂದು ಚಿಕಿತ್ಸೆಯನ್ನು ಮಾತ್ರ ತಡಮಾಡಿಸಬೇಡಿ, ತಿಳಿದಷ್ಟನ್ನು ಬಾಯಲ್ಲಿ ಹೇಳಿದರೂ ಆಗುತ್ತದೆ. ಇಳಿವಯಸ್ಸಿನಲ್ಲಿ ಹೃದಯ ಸೋತು ಶ್ವಾಸಕೋಶದಲ್ಲಿ ನೀರು ತುಂಬಿದಾಗಲೂ ಹೀಗೆಯೇ ಸುಂಯ್‌ಗುಡುತ್ತದೆ, ಆದ್ದರಿಂದ ಹೃದಯದ ಎಕೋ ಸ್ಕ್ಯಾನ್ ರಿಪೋರ್ಟ್ ಇದ್ದರೆ ಅದನ್ನೂ ಒಯ್ಯಿರಿ. ಅಣ್ಣ ಗ್ಲಾಕೋಮಾಗೆ ಹಾಕಿಕೊಳ್ಳುವ ಕಣ್ಣಿನ ಹನಿಯ ಬಾಟಲಿಯನ್ನು ಮರೆಯಬೇಡ. ಅದು ಟಿಮೊಲಾಲ್ ಆಗಿದ್ದರೆ ಅದರಿಂದಲೇ ಶ್ವಾಸನಾಳ ಬಿಗಿಯಬಹುದು, ಡಾಕ್ಟರಿಗೆ ಈಗಲೇ ತೋರಿಸು.